ಮೇಷ್ಟ್ರು ಬರೆದುಕೊಳ್ಳದೆ ಹೋದ ಉತ್ತರ

2011ರ ಫೆಬ್ರವರಿ. ಜನಗಣತಿಗೆ ಅಂತ ನಮ್ಮ ಮನೆಗೆ ಬಂದವರು ಊರಿನ ಪ್ರೈಮರಿ ಶಾಲೆಯ ಮೇಷ್ಟ್ರು. ಅಪ್ಪ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಅಮ್ಮ ಮಜ್ಜಿಗೆ ತಂದಿಟ್ಟಳು. ನಾನು ರಜೆಗೆ ಊರಿಗೆ ಹೋಗಿದ್ದೆ, ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದೆ. ಹೆಸರು, ಹುಟ್ಟಿದ ದಿನ, ಮದುವೆ ಆದಾಗ ಎಷ್ಟು ವಯಸ್ಸು, ಎಲ್ಲ ಸರಾಗವಾಗಿ ಹೋಯಿತು.

"ಧರ್ಮ?" ಅಂದರು ಮೇಷ್ಟ್ರು, ತಲೆ ಎತ್ತದೆ.

"ದೇವರನ್ನ ನಂಬ್ತೀನಿ. ಹಂಗೇ ಬರ್ಕೊಳಿ," ಅಂದರು ಅಪ್ಪ.

ಮೇಷ್ಟ್ರು ಪೆನ್ನು ನಿಲ್ಲಿಸಿ ನಕ್ಕರು. "ಅದಲ್ಲ ಸಾರ್. ಧರ್ಮ ಯಾವುದು ಅಂತ."

"ಅದೇ ಹೇಳಿದ್ನಲ್ಲ ಮೇಷ್ಟ್ರೇ."

ಅಮ್ಮ ನಡುಮನೆಯಿಂದಲೇ ಕೂಗಿದಳು. "ಹಿಂದೂ ಅಂತ ಹಾಕಿ ಮೇಷ್ಟ್ರೇ. ಅವರದ್ದು ಇದ್ದದ್ದೇ."

ಮೇಷ್ಟ್ರು ಹಾಕಿಕೊಂಡರು. ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ಮೇಷ್ಟ್ರು ಹೋದ ಮೇಲೆ ಒಂದೇ ಮಾತು ಹೇಳಿದರು: "ಅಲ್ಲಿ ಎರಡು ಪ್ರಶ್ನೆ ಇರ್ಬೇಕಿತ್ತು ಕಣೋ." ಎರಡನೆಯದು ಯಾವುದು ಅಂತ ನಾನು ಆವತ್ತು ಕೇಳಲಿಲ್ಲ. ಮಜ್ಜಿಗೆ ಲೋಟ ಎತ್ತಿಕೊಂಡು ಒಳಗೆ ಹೋದೆ.

ಈಗ ಅಪ್ಪ ಇಲ್ಲ. ಆ ಎರಡನೇ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಉಳಿದುಕೊಂಡಿದೆ. ದೇವರಿದ್ದಾನೆ ಅಂತ ನಂಬಿದರೆ ಸಾಕಾ, ಅದೇ ಒಂದು ಧರ್ಮ ಆಗುತ್ತಾ? ಅಥವಾ ಅವೆರಡೂ ಬೇರೆಬೇರೆನಾ?

ನಮ್ಮ ಮಾತನ್ನೇ ಸ್ವಲ್ಪ ಕಿವಿಗೊಟ್ಟು ಕೇಳಿದರೆ ಧರ್ಮ ಅನ್ನುವುದಕ್ಕೂ ದೇವರಿಗೂ ಅಂಥ ಅಂಟು ಕಾಣುವುದಿಲ್ಲ. ದುಡ್ಡು ತೆಗೆದುಕೊಳ್ಳದೆ ಔಷಧಿ ಕೊಡುತ್ತಿದ್ದ ಕಡೆಯನ್ನು ಧರ್ಮಾಸ್ಪತ್ರೆ ಅಂತಿದ್ದರು. ದಾರಿಹೋಕರು ಮಲಗುವ ಜಾಗ ಧರ್ಮಛತ್ರ. ಜೇಬುಗಳ್ಳ ಸಂತೆಯಲ್ಲಿ ಸಿಕ್ಕಿಬಿದ್ದರೆ ಬೀಳುವುದು ಧರ್ಮದೇಟು. ಪುಕ್ಕಟೆ ಸಿಕ್ಕಿದ್ದೆಲ್ಲ ಧರ್ಮಕ್ಕೆ ಸಿಕ್ಕಿದ್ದು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅನ್ನುವ ಗಾದೆಯಲ್ಲೂ ದೇವರಿಲ್ಲ, ಕೊಡುವ ಕೈ ಇದೆ. ಇನ್ನೊಂದು ಪದ ಮತ. ಅದಕ್ಕೆ ಅಭಿಪ್ರಾಯ ಅನ್ನುವ ಅರ್ಥ ಇದೆ, ಓಟು ಅನ್ನುವ ಅರ್ಥವೂ ಇದೆ. ಮತದಾನ, ಮತಾಂತರ, ಎರಡರಲ್ಲೂ ಇರುವುದು ಅದೇ ಪದ. ಒಬ್ಬರ ಅಭಿಪ್ರಾಯವಾಗಿ ಶುರುವಾದದ್ದು ನಾಲ್ಕು ಜನರದ್ದಾಗಿ, ನಾಲ್ಕು ನೂರು ಜನರದ್ದಾಗಿ, ಕೊನೆಗೆ ಹುಟ್ಟಿನಿಂದಲೇ ಬರುವ ಗುರುತಾಗುವ ದಾರಿಯೆಲ್ಲ ಆ ಎರಡಕ್ಷರದಲ್ಲಿ ಅಡಗಿದೆ ಅನಿಸುತ್ತದೆ ನನಗೆ.

ಹೆಣ್ಣು ನೋಡಲು ಬಂದವರು ಏನು ಕೇಳುತ್ತಾರೆ? "ನಿಮ್ಮ ಮನೆದೇವರು ಯಾವುದು?" ಅಂತ. "ನೀವು ಯಾವ ದೇವರ ಒಕ್ಕಲು?" ಅಂತ. "ನೀವು ದೇವರನ್ನು ನಂಬುತ್ತೀರಾ?" ಅಂತ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಒಕ್ಕಲು ಅನ್ನುವ ಮಾತೇ ಎಲ್ಲ ಹೇಳುತ್ತದೆ. ಅದು ಒಂದು ಮನೆಯ ಲೆಕ್ಕ. ವರ್ಷಕ್ಕೊಮ್ಮೆ ಯಾವ ಗುಡಿಗೆ ಹೋಗುತ್ತೀರಿ, ಮಗುವಿನ ಮುಡಿ ಎಲ್ಲಿ ತೆಗೆಸುತ್ತೀರಿ, ಯಾರ ಜೊತೆ ಪಂಕ್ತಿಯಲ್ಲಿ ಕೂರುತ್ತೀರಿ ಅನ್ನುವ ಲೆಕ್ಕ. ಮನಸ್ಸಿನೊಳಗೆ ಏನಿದೆ ಅನ್ನುವುದನ್ನು ಅದು ಕೇಳುವುದೇ ಇಲ್ಲ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಮೂವತ್ತೊಂದು ವರ್ಷ ಓಡಿಸಿದರು. ಬೆಳಿಗ್ಗೆ ಐದೂವರೆಯ ಟ್ರಿಪ್ಪಿಗೆ ಅವರ ಜೊತೆ ಎಷ್ಟೋ ಸಲ ಡಿಪೋಗೆ ಹೋಗಿದ್ದೇನೆ. ಸೀಟಿಗೆ ಹತ್ತಿ ಕೂತು, ಕೀ ತಿರುಗಿಸುವ ಮೊದಲು ಎರಡೂ ಕೈಯನ್ನು ಸ್ಟೀರಿಂಗಿನ ಮೇಲೆ ಇಡುತ್ತಿದ್ದರು. ಒತ್ತಿ ಹಿಡಿಯುತ್ತಿರಲಿಲ್ಲ, ಮಲಗಿದ ಮಗುವಿನ ಹಣೆ ಮುಟ್ಟುವ ಹಾಗೆ ಇಡುತ್ತಿದ್ದರು. ತುಟಿ ಒಂದಿಷ್ಟು ಅಲ್ಲಾಡುತ್ತಿತ್ತು. ಆಮೇಲೆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಗಾಡಿ ಸ್ಟಾರ್ಟ್ ಮಾಡುತ್ತಿದ್ದರು. ಏನು ಹೇಳ್ಕೊಂಡೆ ಅಂತ ಒಂದು ದಿನ ಕೇಳಿದೆ. "ಹತ್ತಿದೋರನ್ನೆಲ್ಲ ಇಳಿಸೋವರೆಗೂ ನೋಡ್ಕೋ ಅಂತ," ಅಂದರು. ಯಾರಿಗೆ ಅಂತ ಕೇಳಿದೆ. "ಇರೋನಿಗೆ," ಅಂದರು. ಅಷ್ಟೇ.

ಆದರೆ ಅಪ್ಪ ದೇವಸ್ಥಾನದ ಒಳಗೆ ಕಾಲಿಡುತ್ತಿರಲಿಲ್ಲ.

ಅದರ ಕಥೆಯನ್ನು ನನಗೆ ಹೇಳಿದ್ದು ಅಮ್ಮ. ಅಪ್ಪನಿಗೆ ಆಗ ಹನ್ನೆರಡು ವರ್ಷ. ಒಂದೇ ಕ್ಲಾಸಿನಲ್ಲಿ ಓದುತ್ತಿದ್ದ, ಕೇರಿಯ ಹುಡುಗನೊಬ್ಬ ಅವರ ಜೀವದ ಗೆಳೆಯ. ಇಬ್ಬರೂ ಕೆರೆಯಲ್ಲಿ ಈಜು ಕಲಿತವರು, ಒಂದೇ ಪುಸ್ತಕವನ್ನು ಹಂಚಿಕೊಂಡು ಓದಿದವರು. ಜಾತ್ರೆಯ ದಿನ ಆ ಹುಡುಗ ಗೆಳೆಯನ ಹಿಂದೆಯೇ ಗುಡಿಯ ಮೆಟ್ಟಿಲು ಹತ್ತಿಬಿಟ್ಟ. ದೊಡ್ಡವರು ಯಾರೋ ಎದೆಗೆ ಕೈ ಇಟ್ಟು ತಳ್ಳಿದರು. ಹುಡುಗ ಕೆಳಗೆ ಬಿದ್ದು ಮಂಡಿ ಕಿತ್ತುಹೋಯಿತು. ಅಪ್ಪ ಅವನ ಜೊತೆಯೇ ವಾಪಸ್ಸು ನಡೆದರು. ಆಮೇಲೆ ಆ ಗುಡಿಗೂ ಹೋಗಲಿಲ್ಲ, ಬೇರೆ ಯಾವ ಗುಡಿಗೂ ಹೋಗಲಿಲ್ಲ. ತಮ್ಮ ಮದುವೆಯನ್ನೂ ಮನೆಯ ಮುಂದೆ ಚಪ್ಪರ ಹಾಕಿಸಿಯೇ ಆದರು. ಹಬ್ಬದ ವಂತಿಗೆ ಮಾತ್ರ ತಪ್ಪದೆ ಕೊಡುತ್ತಿದ್ದರು. ಯಾಕೆ ಅಂದರೆ, ಊರಿನ ಮಕ್ಕಳು ತೇರು ನೋಡಬೇಡವಾ ಅನ್ನುತ್ತಿದ್ದರು.

ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಕೇಳಿದೆ. ಇಷ್ಟೆಲ್ಲ ಆದ ಮೇಲೂ ದೇವರನ್ನು ಹೆಂಗೆ ನಂಬ್ತೀಯ? ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿ ಹೇಳಿದರು. "ತಳ್ಳಿದ್ದು ದೇವರಲ್ವಲ್ಲ."

ಈ ಮಾತಿನ ಒಳಗೆ ಅಪ್ಪನ ಎರಡನೇ ಪ್ರಶ್ನೆ ಇದೆ ಅಂತ ನನಗೀಗ ಗೊತ್ತಾಗುತ್ತದೆ. ಅವರು ದೇವರನ್ನು ಬಿಡಲಿಲ್ಲ. ದೇವರ ಸುತ್ತ ಕಟ್ಟಿಕೊಂಡ ಮನೆಯಿಂದ ಹೊರಗೆ ಬಂದರು. ಹೊರಗೆ ನಿಂತರೂ ಅವರ ನಂಬಿಕೆಗೆ ಏನೂ ಕಡಿಮೆಯಾಗಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ನನಗೆ ತೋರಿಸಿದವರು ನಮ್ಮ ಪಕ್ಕದ ಮನೆಯ ಜೈನರ ಅಜ್ಜಿ. ಶ್ರವಣಬೆಳಗೊಳ ನಮ್ಮೂರಿಗೆ ಹತ್ತಿರ, ಸುತ್ತಮುತ್ತ ಜೈನರ ಮನೆಗಳಿವೆ. ಅಜ್ಜಿ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಿದ್ದರು. ಸೋಸಿದ ಮೇಲೆ ಆ ಬಟ್ಟೆಯನ್ನು ತಿರುಗಿಸಿ, ಅದಕ್ಕೆ ಅಂಟಿದ ಕಣ್ಣಿಗೆ ಕಾಣದ ಜೀವಗಳು ಬದುಕಲಿ ಅಂತ ಮತ್ತೆ ನೀರಿಗೇ ಜಾಲಿಸುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮನೆಗೇ ತರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸಂಜೆ ಆರೂಮುಕ್ಕಾಲಿಗೆ ಒಲೆ ಹತ್ತಿಸುವ ಹೊತ್ತಿಗೆ ಅವರ ಮನೆಯಲ್ಲಿ ಪಾತ್ರೆ ತೊಳೆದು ಬೋರಲು ಹಾಕಿರುತ್ತಿದ್ದರು.

ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಅವರ ಜೊತೆ ವಿಂಧ್ಯಗಿರಿ ಹತ್ತಿದೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡಿದದ್ದು. ಬರಿಗಾಲು. ಒಂಬತ್ತು ಗಂಟೆಗೇ ಕಲ್ಲು ಕಾದಿತ್ತು, ನಾನು ಕುಣಿಯುತ್ತ ಹತ್ತುತ್ತಿದ್ದೆ. ಅಜ್ಜಿ ಮಾತ್ರ ಒಂದೊಂದೇ ಹೆಜ್ಜೆ ನೋಡಿ ಇಡುತ್ತಿದ್ದರು, ಇರುವೆ ಸಾಲು ಅಡ್ಡ ಬಂದರೆ ನಿಲ್ಲುತ್ತಿದ್ದರು. ಮೇಲೆ ಹೋದರೆ ಐವತ್ತೆಂಟು ಅಡಿಯ ಬಾಹುಬಲಿ. 981ರ ಹೊತ್ತಿಗೆ ಚಾವುಂಡರಾಯ ನಿಲ್ಲಿಸಿದ ಮೂರ್ತಿ. ಕಾಲಿನ ಪಕ್ಕ ಹುತ್ತ, ಹುತ್ತದಿಂದ ಹಾವು, ತೊಡೆ ತೋಳುಗಳನ್ನೆಲ್ಲ ಸುತ್ತಿಕೊಂಡ ಬಳ್ಳಿ. ಅಷ್ಟು ಕಾಲ ಅಲುಗಾಡದೆ ನಿಂತ ಅನ್ನುವುದಕ್ಕೆ ಗುರುತು. ಅಜ್ಜಿ ಕಣ್ಣುಮುಚ್ಚಿ ಕೈ ಮುಗಿದು ತುಂಬ ಹೊತ್ತು ನಿಂತರು.

ಇಳಿಯುವಾಗ ಕೇಳಿದೆ. "ಏನ್ ಬೇಡ್ಕೊಂಡ್ರಿ ಅಜ್ಜಿ?"

"ಏನೂ ಇಲ್ಲ ಮಗ. ಅವರೇ ಎಲ್ಲಾ ಬಿಟ್ಟು ನಿಂತವ್ರೆ. ನಮಗೇನು ಕೊಡ್ತಾರೆ?"

"ಮತ್ಯಾಕೆ ಕೈ ಮುಗಿದ್ರಿ?"

"ಹಂಗೆ ನಿಲ್ಲೋಕೆ ನಮಗೂ ಬರ್ಲಿ ಅಂತ."

ಆಗ ನನಗೆ ಅರ್ಥ ಆಗಲಿಲ್ಲ. ಜೈನರಲ್ಲಿ ಜಗತ್ತನ್ನು ಸೃಷ್ಟಿಸಿದ ದೇವರು ಇಲ್ಲ ಅಂತ ಓದಿ ತಿಳಿದುಕೊಂಡಿದ್ದು ಎಷ್ಟೋ ವರ್ಷ ಆದ ಮೇಲೆ. ಲೋಕ ಯಾವಾಗಲೂ ಇತ್ತು, ಯಾವಾಗಲೂ ಇರುತ್ತದೆ. ಕರ್ಮದ ಲೆಕ್ಕವನ್ನು ಮೇಲೆ ಕೂತು ಬರೆಯುವವರು ಯಾರೂ ಇಲ್ಲ. ಜೈನರು ಪೂಜಿಸುವ ತೀರ್ಥಂಕರರು ಹುಟ್ಟುಸಾವನ್ನು ದಾಟಿ ಹೋದವರು, ಕರೆದರೆ ತಿರುಗಿ ನೋಡುವವರಲ್ಲ. ಅಜ್ಜಿ ದಿನಾ ಹೇಳುತ್ತಿದ್ದ ಣಮೋಕಾರ ಮಂತ್ರದಲ್ಲಿ ನಮಸ್ಕಾರ ಇದೆಯೇ ಹೊರತು ಕೊಡು ಅನ್ನುವ ಮಾತು ಒಂದೂ ಇಲ್ಲ. ಹಾಗಂತ ಅಜ್ಜಿಯ ಬದುಕಿನಲ್ಲಿ ಹರಕೆಯೇ ಇರಲಿಲ್ಲ ಅನ್ನಲಾರೆ. ಮಗಳಿಗೆ ಗಂಡು ಕೂಡಿಬರದಿದ್ದಾಗ ಹೊಂಬುಜಕ್ಕೆ ಹೋಗಿ ಪದ್ಮಾವತಿ ಅಮ್ಮನಿಗೆ ಸೀರೆ ಒಪ್ಪಿಸಿ ಬಂದಿದ್ದರು. ತೀರ್ಥಂಕರರ ಸೇವೆಗಿರುವ ಯಕ್ಷಿಯಾದರೂ ಸರಿ, ಕೇಳಿಸಿಕೊಳ್ಳುವವರು ಒಬ್ಬರು ಬೇಕು ಅನ್ನಿಸುವುದು ಮನುಷ್ಯರ ಸಹಜ ಆಸೆ. ಆದರೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅವರ ಕೈಕಾಲು, ನಾಲಿಗೆ, ಹೊಟ್ಟೆಯನ್ನು ಹಿಡಿದಿಟ್ಟಿದ್ದು ಒಬ್ಬ ಸೃಷ್ಟಿಕರ್ತನ ಮೇಲಿನ ನಂಬಿಕೆ ಅಲ್ಲವೇ ಅಲ್ಲ. ಅಷ್ಟು ಗಟ್ಟಿಯಾಗಿ ಧರ್ಮವನ್ನು ಬಾಳಿದವರನ್ನು ನಾನು ಬೇರೆ ನೋಡಿಲ್ಲ.

ಅಂದರೆ ನಮ್ಮ ಬೀದಿಯಲ್ಲಿ, ಒಂದೇ ಗೋಡೆಯ ಆಚೆ ಈಚೆ, ದೇವರಿದ್ದೂ ಧರ್ಮ ಬೇಡವಾದವರೊಬ್ಬರು, ಸೃಷ್ಟಿಕರ್ತನಿಲ್ಲದೆಯೂ ಧರ್ಮವನ್ನು ತುಂಬಿಕೊಂಡವರೊಬ್ಬರು ಬದುಕಿದ್ದರು. ಇಬ್ಬರೂ ಹಬ್ಬಕ್ಕೆ ಒಬ್ಬರಿಗೊಬ್ಬರು ಎಳ್ಳುಬೆಲ್ಲ ಕೊಡುತ್ತಿದ್ದರು.

ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನ ಇದೆ. ವಿಜಯನಗರದ ಬುಕ್ಕರಾಯನ ಕಾಲದ್ದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ಅದು ರಾಜನ ಮುಂದೆ ಹೋಗಿತ್ತು. ವೈಷ್ಣವರಿಗೆ ಜಗತ್ತೇ ನಾರಾಯಣನದ್ದು, ಜೈನರಿಗೆ ಜಗತ್ತಿಗೆ ಒಡೆಯನೇ ಇಲ್ಲ. ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೇನಿದೆ? ಆದರೆ ಜಗಳ ಅದರ ಮೇಲಲ್ಲ. ಪಂಚಮಹಾವಾದ್ಯ ಬಾರಿಸುವ ಹಕ್ಕು, ಕಳಶದ ಹಕ್ಕು, ಅವು ಜೈನರಿಗೂ ಇದೆಯಾ ಅನ್ನುವುದರ ಮೇಲೆ. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಗೆ ಇಟ್ಟು ಎರಡು ದರ್ಶನಕ್ಕೂ ಭೇದವಿಲ್ಲ ಅಂದ. ಜೈನರ ಒಂದೊಂದು ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ವೈಷ್ಣವರೇ ನೇಮಿಸಬೇಕು, ಉಳಿದ ಹಣದಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು ಅಂತ ಕಟ್ಟು ಮಾಡಿದ. ಆ ಶಾಸನ ಓದಿದಾಗ ನನಗೆ ನಮ್ಮೂರಿನ ಹಬ್ಬದ ವಂತಿಗೆಯೇ ನೆನಪಾಯಿತು. ವಾದ್ಯ, ಕಳಶ, ಮನೆಮನೆಯ ಹಣ, ಕಾವಲು, ಸುಣ್ಣ. ಧರ್ಮ ನೆಲದ ಮೇಲೆ ಕಾಣಿಸುವುದು ಹೀಗೆ.

ಧರ್ಮಕ್ಕೆ ದೇವರು ಬೇಕೇಬೇಕಾ ಅನ್ನುವ ಪ್ರಶ್ನೆಯನ್ನು ನಮ್ಮ ಕೋರ್ಟು ಎದುರಿಸಿದ್ದು ಉಡುಪಿಯ ಒಂದು ಮೊಕದ್ದಮೆಯಲ್ಲಿ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಉಡುಪಿಯ ಎಂಟು ಮಠಗಳಲ್ಲಿ ಒಂದು ಶೀರೂರು ಮಠ. ಎರಡು ವರ್ಷಕ್ಕೊಮ್ಮೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ, ಒಂದು ಮಠದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಪರ್ಯಾಯದ ಮಠ ಕೃಷ್ಣನ ಪೂಜೆಯನ್ನೂ ನಡೆಸಬೇಕು, ಬಂದವರಿಗೆ ಊಟವನ್ನೂ ಹಾಕಬೇಕು. ಅದರ ಖರ್ಚಿನಿಂದ ಶೀರೂರು ಮಠ ಸಾಲದಲ್ಲಿತ್ತು. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಮದ್ರಾಸಿನ ಧಾರ್ಮಿಕ ದತ್ತಿ ಅಧಿಕಾರಿಗಳು ಮಠದ ಆಡಳಿತಕ್ಕೆ ಕೈ ಹಾಕಿದರು. ಲಕ್ಷ್ಮೀಂದ್ರ ತೀರ್ಥ ಸ್ವಾಮೀಜಿ ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ.

ಸಂವಿಧಾನದಲ್ಲಿ ಧರ್ಮದ ಸ್ವಾತಂತ್ರ್ಯ ಇದೆ, ಆದರೆ ಧರ್ಮ ಅಂದರೆ ಏನು ಅಂತ ಬರೆದಿಲ್ಲ. ಮನುಷ್ಯನಿಗೂ ಅವನನ್ನು ಸೃಷ್ಟಿಸಿದವನಿಗೂ ಇರುವ ಸಂಬಂಧವೇ ಧರ್ಮ ಅಂತ ಅಮೆರಿಕದ ಹಳೆಯ ತೀರ್ಪೊಂದು ಹೇಳಿತ್ತು. ನಮ್ಮ ಕೋರ್ಟು ಅದನ್ನು ಹಾಗೇ ಒಪ್ಪಲಿಲ್ಲ. ಧರ್ಮಕ್ಕೆ ದೇವರು ಇರಲೇಬೇಕು ಅಂತ ಇಲ್ಲ, ಬೌದ್ಧ ಮತ್ತು ಜೈನ ಧರ್ಮಗಳು ಈ ನೆಲದ್ದೇ, ಅವುಗಳಲ್ಲಿ ದೇವರ ನಂಬಿಕೆ ಇಲ್ಲ ಅಂದಿತು. ಇನ್ನೂ ಮುಂದೆ ಹೋಗಿ, ಧರ್ಮ ಬರೀ ನಂಬಿಕೆಯಲ್ಲ, ಆಚರಣೆ, ಪೂಜೆ, ಯಾವ ಹೊತ್ತಿಗೆ ನೈವೇದ್ಯ ಅನ್ನುವುದು, ಊಟ ಮತ್ತು ಉಡುಗೆಯವರೆಗೂ ಅದು ಹರಡಿಕೊಳ್ಳಬಹುದು ಅಂದಿತು.

ಯಾರ ಮೊಕದ್ದಮೆ ಇದು ನೋಡಿ. ಮಧ್ವರ ಪರಂಪರೆಯ ಮಠದ್ದು. ದೇವರು ಬೇರೆ, ಜೀವ ಬೇರೆ, ದೇವರು ಯಾವತ್ತಿಗೂ ದೊಡ್ಡವನು, ನಾವು ಯಾವತ್ತಿಗೂ ಅವನ ದಾಸರು ಅಂತ ಗಟ್ಟಿಯಾಗಿ ಹೇಳಿದ ಪರಂಪರೆ. ಅಂಥ ಮಠದ ಅರ್ಜಿಗೆ ಉತ್ತರ ಹೇಳುವಾಗ, ಧರ್ಮಕ್ಕೆ ದೇವರು ಕಡ್ಡಾಯವಲ್ಲ ಅನ್ನುವ ಮಾತು ಈ ದೇಶದ ಕಾನೂನಿಗೆ ಬಂತು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಉಡುಪಿಯ ಸ್ವಾಮೀಜಿಯಿಂದ ಸಿಕ್ಕ ಉಪಕಾರ ಅಂತ ನಾನು ಅಂದುಕೊಂಡಿದ್ದೇನೆ.

ಆದರೆ ಈ ತೀರ್ಪಿನಲ್ಲಿ ಅಜ್ಜಿಗೆ ಜಾಗ ಸಿಕ್ಕಿತು, ಅಪ್ಪನಿಗೆ? ದೇವರಿದ್ದಾನೆ ಅನ್ನುವುದಷ್ಟೇ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಬಿಟ್ಟವರು ಎಲ್ಲಿಗೆ ಸೇರುತ್ತಾರೆ?

ಹಾಗೆ ಹೊರಟವರು ಮೊದಲೂ ಇದ್ದರು. 1828ರಲ್ಲಿ ಕಲ್ಕತ್ತೆಯಲ್ಲಿ ರಾಮಮೋಹನ ರಾಯರು ಶುರುಮಾಡಿದ್ದು ಒಬ್ಬನೇ ದೇವರ ಪ್ರಾರ್ಥನೆ, ಅದೇ ಬ್ರಹ್ಮ ಸಮಾಜ. ಮೂರ್ತಿ ಇಲ್ಲ, ಜಾತಿ ಕೇಳುವಂತಿಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಹೊಸ ಧರ್ಮ ಕಟ್ಟುವುದು ಅವರ ಆಸೆಯಾಗಿರಲಿಲ್ಲ. ಆದರೆ ಕೂತವರ ಮಕ್ಕಳು ಬೆಳೆದರು, ಮದುವೆಗೆ ಬಂದರು. ಬ್ರಹ್ಮ ಸಮಾಜದ ರೀತಿಯಲ್ಲಿ ಮದುವೆ ಆದರೆ ಕಾನೂನು ಒಪ್ಪುತ್ತಾ ಅನ್ನುವ ಪ್ರಶ್ನೆ ಎದ್ದಿತು. ಅದಕ್ಕೆ 1872ರಲ್ಲಿ ಒಂದು ಕಾಯ್ದೆ ಬಂತು. ಅದರ ಪ್ರಕಾರ ಮದುವೆಯಾಗುವ ಗಂಡು ಹೆಣ್ಣು ತಾವು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರಿಶ್ಚಿಯನ್ ಅಲ್ಲ, ಸಿಖ್, ಜೈನ, ಬೌದ್ಧ, ಪಾರ್ಸಿ, ಯಹೂದಿ ಯಾವುದೂ ಅಲ್ಲ ಅಂತ ಬರೆದುಕೊಡಬೇಕಿತ್ತು. ದೇವರನ್ನು ಅಷ್ಟು ನಂಬುವವರು, ಮದುವೆಯ ಕಾಗದದಲ್ಲಿ ಎಲ್ಲ ಧರ್ಮದ ಹೆಸರನ್ನೂ ಒಂದೊಂದಾಗಿ ಅಲ್ಲ ಅಂತ ಹೇಳಬೇಕಾಯಿತು.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಸೇರಿದ್ದು ಇದೇ ಬ್ರಹ್ಮ ಸಮಾಜವನ್ನು. ಅವರು ದೇವರನ್ನು ಬಿಟ್ಟವರಲ್ಲ. ದಲಿತರ ಮಕ್ಕಳಿಗೆ ಶಾಲೆ ತೆರೆದರು, ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ದೇವರನ್ನು ನಂಬುತ್ತಾರಾ ಇಲ್ಲವಾ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಯಾರ ಜೊತೆ ಕೂತರು ಅನ್ನುವುದು ಬಂತು. ಕುದ್ಮುಲರ ಬಗ್ಗೆ ಓದುವಾಗೆಲ್ಲ ನನಗೆ ಆ ಹನ್ನೆರಡು ವರ್ಷದ ಇಬ್ಬರು ಹುಡುಗರು ಜಾತ್ರೆಯಿಂದ ವಾಪಸ್ಸು ನಡೆಯುವುದು ಕಣ್ಣ ಮುಂದೆ ಬರುತ್ತದೆ.

ಸಂವಿಧಾನ ಸಭೆಯಲ್ಲೂ ಒಂದು ದಿನ ದೇವರ ಮಾತು ಬಂದಿತ್ತು. 1949ರ ಅಕ್ಟೋಬರ್ 17. ಪೀಠಿಕೆಯ ಚರ್ಚೆ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಎದ್ದು ನಿಂತು, ಪೀಠಿಕೆ "ದೇವರ ಹೆಸರಿನಲ್ಲಿ" ಅಂತ ಶುರುವಾಗಲಿ ಅಂದರು. ಅವರು ಯಾವ ಧರ್ಮದ ದೇವರ ಹೆಸರನ್ನೂ ಹೇಳಿರಲಿಲ್ಲ. ಬರೀ ದೇವರು. ಎಲ್ಲರಿಗೂ ಒಪ್ಪಿಗೆಯಾಗಬೇಕಾದ ಮಾತು ಅಲ್ವಾ? ಆಗಲಿಲ್ಲ. ತಾನು ನಂಬುವವನೇ ಆದರೂ, ಇದನ್ನು ಬರೆದರೆ ನಂಬಿಕೆಯನ್ನು ಬಲವಂತ ಮಾಡಿದಂತೆ ಆಗುತ್ತದೆ ಅಂದರು ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೈ. ದೇವರನ್ನು ಓಟಿಗೆ ಹಾಕುವ ಮುಜುಗರಕ್ಕೆ ನಮ್ಮನ್ನು ತಳ್ಳಬೇಡಿ ಅಂತ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಬಿಡಲಿಲ್ಲ. ಓಟಾಯಿತು. ಪರವಾಗಿ 41, ವಿರುದ್ಧ 68.

ಆ ಅರವತ್ತೆಂಟು ಜನರನ್ನೆಲ್ಲ ನಾಸ್ತಿಕರು ಅಂತ ತಿಳಿದರೆ ತಪ್ಪು. ಮನೆಯಲ್ಲಿ ಕೈ ಮುಗಿಯುವುದು ಬೇರೆ, ಎಲ್ಲರ ಪರವಾಗಿ ಕೈ ಮುಗಿಯುವುದು ಬೇರೆ ಅಂತ ಅವರಿಗೆ ಗೊತ್ತಿತ್ತು ಅಂತ ನಾನು ಓದಿಕೊಳ್ಳುತ್ತೇನೆ. "ನಾನು" ಅಂತ ಹೇಳುವವರೆಗೆ ಅದು ನಂಬಿಕೆ. "ನಾವು" ಅಂದ ಗಳಿಗೆಯಿಂದ ಅದು ಬೇರೆ ಏನೋ ಆಗುತ್ತದೆ. ಒಳಗಿರುವವರು ಯಾರು, ಹೊರಗಿರುವವರು ಯಾರು ಅನ್ನುವ ಗೆರೆ ಬರುತ್ತದೆ. ಪೀಠಿಕೆ ಶುರುವಾಗುವುದೇ ಭಾರತದ ಜನತೆಯಾದ ನಾವು ಅಂತ. ಆ ನಾವು ಅನ್ನುವುದರಲ್ಲಿ ನಮ್ಮ ಅಜ್ಜಿಯೂ ಇರಬೇಕಿತ್ತಲ್ಲ. ಅದೇ ಸಂವಿಧಾನ ಪ್ರಮಾಣವಚನಕ್ಕೆ ಮಾತ್ರ ಎರಡು ದಾರಿ ಇಟ್ಟಿದೆ. ದೇವರ ಹೆಸರಿನಲ್ಲಿ ಅಂತಲೂ ಹೇಳಬಹುದು, ಸತ್ಯನಿಷ್ಠೆಯಿಂದ ಅಂತಲೂ ಹೇಳಬಹುದು. ಅಲ್ಲಿ ನಿಂತು ಹೇಳುವುದು ಒಬ್ಬರೇ ಒಬ್ಬರು, ಅದಕ್ಕೇ ಆ ಆಯ್ಕೆ.

ಇಲ್ಲಿಯವರೆಗೆ ಬರೆದದ್ದನ್ನು ನೋಡಿದರೆ, ನಂಬಿಕೆ ಶುದ್ಧ, ಧರ್ಮ ಅಂದರೆ ಬರೀ ಗೆರೆ ಎಳೆಯುವುದು ಅಂತ ನಾನು ಹೇಳುತ್ತಿರುವಂತೆ ಕಾಣಬಹುದು. ತುಂಬ ವರ್ಷ ಹಾಗೆಯೇ ಅಂದುಕೊಂಡಿದ್ದೆ. ಅಪ್ಪ ಹೋದ ದಿನ ಆ ಲೆಕ್ಕ ಕೈಕೊಟ್ಟಿತು.

2019ರ ನವೆಂಬರ್. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ನಾನು ಬೆಂಗಳೂರಿನಿಂದ ಊರು ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಜನ ತುಂಬಿದ್ದರು. ಯಾರೋ ಬಿದಿರು ತಂದು ಚಟ್ಟ ಕಟ್ಟುತ್ತಿದ್ದರು. ಯಾರೋ ಹೊಸ ಮಡಕೆ ತಂದಿದ್ದರು. ಅಮ್ಮನ ಪಕ್ಕ ನಾಲ್ಕು ಜನ ಹೆಂಗಸರು ಕೂತಿದ್ದರು, ಒಬ್ಬರು ಅವಳ ಬೆನ್ನು ಸವರುತ್ತಲೇ ಇದ್ದರು. ನಮ್ಮ ಮನೆಯ ಒಲೆ ಹಚ್ಚುವಂತಿಲ್ಲ, ಎದುರು ಮನೆಯಿಂದ ಕಾಫಿ ಬರುತ್ತಿತ್ತು. ನನಗೆ ಒಂದೂ ಬೇಡವಾಗಿತ್ತು. ದೊಡ್ಡಪ್ಪನ ಹತ್ತಿರ ಹೋಗಿ ಹೇಳಿದೆ. ಅಪ್ಪನಿಗೆ ಇದೆಲ್ಲ ಇಷ್ಟ ಇರಲಿಲ್ಲ. ಶಾಸ್ತ್ರ ಏನೂ ಬೇಡ. ಸುಮ್ನೆ ಮಣ್ಣು ಮಾಡಿ ಬರೋಣ.

ದೊಡ್ಡಪ್ಪ ನನ್ನ ಭುಜದ ಮೇಲೆ ಕೈ ಇಟ್ಟರು. "ಅವನಿಗೆ ಇಷ್ಟ ಇರ್ಲಿಲ್ಲ, ನಿಜ ಕಣಪ್ಪ. ಅವನು ಹೋದ. ನಾವು ಇದೀವಲ್ಲ. ನಾವು ಹೆಂಗೆ ಕಳಿಸ್ಕೊಡೋದು ಅವನನ್ನ? ನಮಗೆ ಬೇರೆ ಯಾವ ದಾರಿ ಗೊತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪನ ದೇವರು ಆ ಸ್ಟೀರಿಂಗಿನ ಮೇಲೆ ಇಟ್ಟ ಎರಡು ಅಂಗೈಗಳಲ್ಲಿ ಇದ್ದ. ಆ ಕೈ ತಣ್ಣಗಾಗಿತ್ತು. ಆ ನಂಬಿಕೆಯಲ್ಲಿ ಎರಡನೆಯವರಿಗೆ ಮಾಡಲು ಏನೂ ಇರಲಿಲ್ಲ. ಚಟ್ಟಕ್ಕೆ ಹೆಗಲು ಕೊಡುವವರು, ಅಮ್ಮನ ಬೆನ್ನು ಸವರುವವರು, ಕಾಫಿ ಕಾಸಿ ತರುವವರು ಬಂದದ್ದು ಇನ್ನೊಂದು ಕಡೆಯಿಂದ. ಅಪ್ಪ ಹೊರಗೆ ಬಂದ ಮನೆಯಿಂದಲೇ ಬಂದರು. ಅವರು ನಂಬುತ್ತಾರಾ ಅಂತ ಯಾರೂ ಯಾರನ್ನೂ ಕೇಳಲಿಲ್ಲ. ಏನು ಮಾಡಬೇಕು ಅಂತ ಮಾತ್ರ ಎಲ್ಲರಿಗೂ ಗೊತ್ತಿತ್ತು. ನಾನು ಮಡಕೆ ಹೊತ್ತೆ.

ಮೂರನೇ ದಿನ ಹಾಲುತುಪ್ಪ. ಬೆಳಿಗ್ಗೆಯೇ ನೆಂಟರು ಸೇರಿದ್ದರು. ಅಮ್ಮ ಬಾಗಿಲಿಗೆ ಬಂದು ರಸ್ತೆಯ ಆಚೆ ನೋಡಿದಳು. ಹೊಂಗೆ ಮರದ ಕೆಳಗೆ ಅಪ್ಪನ ಗೆಳೆಯ ಕೂತಿದ್ದರು. ಬಿಳಿ ಪಂಚೆ, ಮಡಿಸಿದ ಟವೆಲ್, ಎಪ್ಪತ್ತು ವರ್ಷ. ಅರವತ್ತು ವರ್ಷದ ಗೆಳೆತನ. ಅಪ್ಪ ಇದ್ದಾಗ ಜಗಲಿಯವರೆಗೆ ಬರುತ್ತಿದ್ದರು, ಅಪ್ಪನೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದರು. ಆವತ್ತು ಕರೆಯುವವರು ಇರಲಿಲ್ಲ ಅಂತ ಅಲ್ಲೇ ಕೂತಿದ್ದರು. ಅಮ್ಮ ಸೆರಗು ಹೊದ್ದುಕೊಂಡು ರಸ್ತೆ ದಾಟಿದಳು. "ಬನ್ನಿ ಅಣ್ಣ," ಅಂದಳು. ಗುಡ್ಡೆಯ ಹತ್ತಿರ ಮೊದಲು ನನ್ನ ಕೈಗೆ ಹಾಲಿನ ಲೋಟ ಕೊಟ್ಟರು, ಆಮೇಲೆ ದೊಡ್ಡಪ್ಪನ ಕೈಗೆ. ಮೂರನೆಯದನ್ನು ಅಮ್ಮ ಅವರ ಕೈಗೆ ಇಟ್ಟಳು. ಅವರ ಕೈ ನಡುಗುತ್ತಿತ್ತು. ಮಣ್ಣು ಹಾಲನ್ನು ಹೀರಿಕೊಳ್ಳುವವರೆಗೂ ಯಾರೂ ಮಾತಾಡಲಿಲ್ಲ. ನೆಂಟರಲ್ಲಿ ಇಬ್ಬರು ಊಟಕ್ಕೆ ಕೂರದೆ ಹೋದರು. ಉಳಿದವರು ಕೂತರು. ದೊಡ್ಡಪ್ಪ ಅವರ ಪಕ್ಕದ ಎಲೆಗೇ ಕೂತರು.

ಆ ದಿನದ ಮೇಲೆ ನನಗೆ ಇದು ಸುಲಭದ ಪ್ರಶ್ನೆ ಅನ್ನಿಸುವುದಿಲ್ಲ. ತಳ್ಳಿದ ಕೈಯೂ ಧರ್ಮದ್ದೇ, ಚಟ್ಟ ಕಟ್ಟಿದ ಕೈಯೂ ಧರ್ಮದ್ದೇ. ಒಂದನ್ನು ಕೇಳಿದ್ದೇನೆ, ಇನ್ನೊಂದನ್ನು ನಾನೇ ನೋಡಿದ್ದೇನೆ. ದೇವರ ಮೇಲಿನ ನಂಬಿಕೆ ಇದರಲ್ಲಿ ಯಾವುದನ್ನೂ ತಾನಾಗಿ ಮಾಡಿಸುವುದಿಲ್ಲ. ಆದರೂ ಬನ್ನಿ ಅಣ್ಣ ಅಂತ ರಸ್ತೆ ದಾಟಿದ ಅಮ್ಮನಿಗೆ ಆ ಧೈರ್ಯ ಬಂದದ್ದು ಎಲ್ಲಿಂದ ಅಂತ ಯೋಚಿಸಿದರೆ, ಗುಡಿಗೆ ಹೋಗದ ಗಂಡನ ಜೊತೆ ಬಾಳಿದ ಅಷ್ಟು ವರ್ಷಗಳೇ ಕಾಣುತ್ತವೆ.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, ಈಗ ಮತ್ತೆ ಅದರ ಮಾತು ನಡೆದಿದೆ. ಹೋದ ಸಲದ ಲೆಕ್ಕದಲ್ಲಿ ಆರು ದೊಡ್ಡ ಧರ್ಮಗಳ ಆಚೆಗೆ "ಇತರೆ" ಅಂತ ಸುಮಾರು 79 ಲಕ್ಷ ಜನ ಇದ್ದರು. ಸಾಲವೃಕ್ಷದ ತೋಪಿನಲ್ಲಿ ಪೂಜೆ ಮಾಡುವ, ತಮ್ಮದು ಸರ್ನಾ ಅಂತ ಬರೆಸಿದ ಆದಿವಾಸಿಗಳೇ ಅವರಲ್ಲಿ ಜಾಸ್ತಿ. ಧರ್ಮ ಯಾವುದು ಅಂತ ಹೇಳದವರು 28 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಜನ ದಿನಾ ಬೆಳಿಗ್ಗೆ ಇರೋನಿಗೆ ಏನಾದರೂ ಹೇಳಿಕೊಳ್ಳುತ್ತಾರೋ, ಅದನ್ನು ಹಿಡಿಯುವ ಕಾಲಂ ಇಲ್ಲ.

ಹೋದ ವಾರ ಅಮ್ಮನಿಗೆ ಫೋನ್ ಮಾಡಿದ್ದೆ. ಈ ಸಲ ಗಣತಿಯವರು ಬಂದರೆ ಏನು ಬರೆಸ್ತೀಯ ಅಂತ ಕೇಳಿದೆ.

"ನಂದೇನು, ಅದೇ," ಅಂದಳು. ಒಂದಿಷ್ಟು ಹೊತ್ತು ಸುಮ್ಮನಿದ್ದಳು. ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ ಹೇಳಿದಳು. "ಆವತ್ತು ನಾನು ಒಳಗಿಂದ ಕೂಗಬಾರದಿತ್ತು ಕಣೋ. ಅವರು ಹೇಳಿದ್ದನ್ನ ಹಂಗೇ ಬರ್ಕೊಳೋಕೆ ಬಿಡ್ಬೇಕಿತ್ತು."